ಮೊನ್ನೆ ತಾನೇ ಕೊಟ್ಟಿದ್ರಲ್ಲಾ, ಮತ್ತೆ ಯಾಕೆ?

ನಿಮ್ಮ ಮೊಬೈಲಿಗೂ ಆ ಮೆಸೇಜ್ ಬಂದಿರುತ್ತೆ. 'ಅರ್ಜೆಂಟ್. ಬಿ ಪಾಸಿಟಿವ್ ಪ್ಲೇಟ್‌ಲೆಟ್ ಬೇಕಾಗಿದೆ. ರೋಗಿಗೆ ಬ್ಲಡ್ ಕ್ಯಾನ್ಸರ್.' ಕೆಳಗೊಂದು ಫೋನ್ ನಂಬರ್. ಬಹಳಷ್ಟು ಜನ ಏನು ಮಾಡ್ತಾರೆ? ಇನ್ನೊಂದು ಗ್ರೂಪಿಗೆ ತಳ್ಳಿ, ನಮ್ಮ ಕೆಲಸ ಮುಗೀತು ಅಂದುಕೊಳ್ತಾರೆ. ನಾಲ್ಕು ದಿನ ಬಿಟ್ಟು ಅದೇ ರೋಗಿಯ ಹೆಸರಲ್ಲಿ ಮತ್ತೊಂದು ಮೆಸೇಜ್ ಬರುತ್ತೆ. ಆಗ ಅನುಮಾನ ಶುರು. ಮೊನ್ನೆ ತಾನೇ ಯಾರೋ ಕೊಟ್ಟರಲ್ಲ, ಮತ್ತೆ ಯಾಕೆ? ಇದೇನು ದಂಧೆನಾ?

ದಂಧೆ ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ. ನನ್ನ ಕಾಲೇಜು ಗೆಳೆಯನಿಗೆ ರಕ್ತದ ಕ್ಯಾನ್ಸರ್ ಬಂತು. ಆರು ತಿಂಗಳು ಸ್ಟುಡಿಯೋಗೂ ಬ್ಲಡ್ ಬ್ಯಾಂಕಿಗೂ ಓಡಾಡಿ ನಾನು ತಿಳಿದುಕೊಂಡ ಸಂಗತಿಗಳು ಇವು.

ಪ್ಲೇಟ್‌ಲೆಟ್ ಅಂದರೆ ರಕ್ತದಲ್ಲಿರುವ ಪುಟ್ಟ ಪುಟ್ಟ ಕಣಗಳು. ಗಾಯವಾದ ಕಡೆ ಓಡಿಹೋಗಿ ಅಂಟಿಕೊಂಡು ರಕ್ತ ನಿಲ್ಲಿಸೋದು ಇವುಗಳ ಕೆಲಸ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಇವು ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ರಕ್ತದ ಕ್ಯಾನ್ಸರ್ ಆ ಮಜ್ಜೆಯನ್ನೇ ಹಿಡಿದುಕೊಳ್ಳುತ್ತೆ. ಅದನ್ನ ಓಡಿಸೋಕೆ ಕೊಡುವ ಕೀಮೋ ಕೂಡ ಕಳೆಗೆ ಹೊಡೆದ ಔಷಧಿ ಪೈರನ್ನೂ ಸುಟ್ಟ ಹಾಗೆ, ಒಳ್ಳೆಯ ಕಣಗಳನ್ನೂ ಹೊಡೆದುಹಾಕುತ್ತೆ. ಕೌಂಟ್ 10,000ಕ್ಕಿಂತ ಕೆಳಗಿಳಿದರೆ ಏಟೇ ಬೀಳದೆ ಒಳಗೊಳಗೇ ರಕ್ತ ಸೋರಬಹುದು. ಸೋರುವ ಜಾಗ ಮೆದುಳಾದರೆ ಪ್ರಾಣಕ್ಕೇ ಸಂಚಕಾರ. ಒಂದು ಬೆಳಗ್ಗೆ ನನ್ನ ಗೆಳೆಯ ಹಲ್ಲುಜ್ಜಿದ, ವಸಡಿನಿಂದ ಬಂದ ರಕ್ತ ಒಂದು ಗಂಟೆಯಾದರೂ ನಿಲ್ಲಲಿಲ್ಲ. ರಿಪೋರ್ಟ್ ಬಂತು. 8,000!

ಹಾಗಾದರೆ ಮೊದಲೇ ಸಂಗ್ರಹ ಮಾಡಿ ಇಟ್ಟುಕೊಳ್ಳಬಾರದಾ? ಸಮಸ್ಯೆ ಇರೋದೇ ಅಲ್ಲಿ. ಕೆಂಪು ರಕ್ತಕಣಗಳನ್ನ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗೆ ಫ್ರಿಜ್ ಆಗಿಬರಲ್ಲ. 20ರಿಂದ 24 ಡಿಗ್ರಿ ಶಾಖದಲ್ಲಿ, ತೊಟ್ಟಿಲು ತೂಗಿದ ಹಾಗೆ ಯಂತ್ರದಲ್ಲಿ ಅಲುಗಾಡಿಸ್ತಾನೇ ಇರಬೇಕು. ಇಷ್ಟೆಲ್ಲಾ ಉಪಚಾರ ಮಾಡಿದರೂ ಅದರ ಆಯಸ್ಸು ಬರೀ 5 ದಿನ. ರೋಗಿಯ ಮೈಗೆ ಹೋದ ಮೇಲೂ ಕೆಲವೇ ದಿನ. ಮಜ್ಜೆ ತಾನಾಗೇ ಚೇತರಿಸಿಕೊಳ್ಳುವ ತನಕ ಹೊರಗಿನಿಂದ ಹಾಕ್ತಾನೇ ಇರಬೇಕು. ಮೆಸೇಜ್ ಮತ್ತೆ ಮತ್ತೆ ಬರೋದು ಇದಕ್ಕೇ.

ಇನ್ನೊಂದು ಪ್ರಶ್ನೆ ಬರುತ್ತೆ. ಮನೆಯವರೇ ಕೊಡಬಹುದಲ್ಲ? ಗೆಳೆಯನ ಅಣ್ಣ ಊರಿಂದ ರಾತ್ರೋರಾತ್ರಿ ಬಸ್ ಹತ್ತಿ ಬಂದಿದ್ದರು, ತೋಳು ಮಡಚಿಕೊಂಡೇ ನಿಂತಿದ್ದರು. ಡಾಕ್ಟರು ಬೇಡ ಅಂದುಬಿಟ್ಟರು. ಅಣ್ಣನ ಮುಖ ನೋಡೋಕಾಗಲಿಲ್ಲ. ಕಾರಣ ಇದೆ. ಇಂಥ ಕೆಲವು ರೋಗಿಗಳಿಗೆ ಮುಂದೆ ಅಸ್ಥಿಮಜ್ಜೆ ಕಸಿ ಮಾಡಬೇಕಾಗಬಹುದು. ಆಗ ಮೊದಲು ನೋಡೋದು ಒಡಹುಟ್ಟಿದವರನ್ನ. ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅವರ ರಕ್ತವನ್ನ ಈಗಲೇ ಏರಿಸಿದರೆ ರೋಗಿಯ ದೇಹ ಅದನ್ನ ಪರಕೀಯ ಅಂತ ಗುರುತಿಟ್ಟುಕೊಂಡು, ನಾಳೆ ಕಸಿಯನ್ನೇ ತಿರಸ್ಕರಿಸುವ ಅಪಾಯ ಇರುತ್ತೆ. ಹಾಗಾಗಿ ಬೇಕಾಗಿರೋದು ಸಂಬಂಧವೇ ಇಲ್ಲದವರ ರಕ್ತ. ಯಾರೋ ಗೊತ್ತಿಲ್ಲದವರೇ ಬರಬೇಕು!

ಬಂದರು ಕೂಡ. ಒಬ್ಬ ಆಟೋ ಡ್ರೈವರ್. ಕೋಲಾರದ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗ. ಊಟ ಡೆಲಿವರಿ ಮಾಡುವ ಇನ್ನೊಬ್ಬ ಹುಡುಗ ಸಂಜೆ ಏಳಕ್ಕೆ, ಸರಿಯಾಗಿ ಆರ್ಡರ್ ಬರುವ ಹೊತ್ತಿಗೆ, ಆ್ಯಪ್ ಆಫ್ ಮಾಡಿ ಬಂದ. 'ಇವತ್ತಿನ ಇನ್ಸೆಂಟಿವ್ ಹೋಯ್ತಲ್ಲಪ್ಪಾ' ಅಂದೆ. 'ಹೋಗ್ಲಿ ಬಿಡಿ ಸಾರ್, ಎಷ್ಟೊತ್ತಾಗುತ್ತೆ ಹೇಳಿ' ಅಂದ.

ಎಷ್ಟೊತ್ತಾಗುತ್ತೆ? ಯಂತ್ರದ ಮುಂದೆ ಒಂದರಿಂದ ಒಂದೂವರೆ ಗಂಟೆ. ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಪ್ಲೇಟ್‌ಲೆಟ್ ಮಾತ್ರ ಬೇರೆಯಾಗಿ, ಉಳಿದದ್ದು ವಾಪಸ್ ನಿಮ್ಮ ಮೈಗೇ ಬರುತ್ತೆ. ತುಟಿ ಸ್ವಲ್ಪ ಜುಮ್ಮೆನ್ನಬಹುದು, ಅದಕ್ಕೆ ಕ್ಯಾಲ್ಸಿಯಂ ಮಾತ್ರೆ ಕೊಡ್ತಾರೆ. ಅದಕ್ಕೂ ಮುಂಚೆ ಪರೀಕ್ಷೆಗಳಿರ್ತವೆ, ಆದ್ದರಿಂದ ಅರ್ಧ ದಿನ ಅಂತಲೇ ಲೆಕ್ಕ ಇಟ್ಟುಕೊಳ್ಳಿ. 18ರಿಂದ 60 ವಯಸ್ಸು, 50 ಕೆಜಿಗಿಂತ ಹೆಚ್ಚು ತೂಕ, 12.5 ಹಿಮೋಗ್ಲೋಬಿನ್ ಇರಬೇಕು. ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು. ಹೋದ ಪ್ಲೇಟ್‌ಲೆಟ್ ಕೆಲವೇ ದಿನದಲ್ಲಿ ಮೈಯಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ಹೀಗೆ ಒಬ್ಬರು ಕೊಟ್ಟಿದ್ದು, ಮಾಮೂಲಿ ರಕ್ತದಾನದಲ್ಲಿ ಸುಮಾರು ಆರು ಜನರಿಂದ ಸಿಗುವಷ್ಟಕ್ಕೆ ಸಮ.

ದಂಧೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ದಾನಿ ಅಂತ ಫೋನ್ ಮಾಡಿ, 'ಬರ್ತಾ ಇದೀನಿ, ಪೆಟ್ರೋಲಿಗೆ ದುಡ್ಡು ಹಾಕಿ' ಅಂತ ಕೇಳುವವರಿದ್ದಾರೆ. ಹಾಕಿದ ಮೇಲೆ ಫೋನ್ ಸ್ವಿಚ್ ಆಫ್. ದುಡ್ಡಿಗೆ ರಕ್ತ ಕೊಡೋದು ಈ ದೇಶದಲ್ಲಿ 1998ರ ಜನವರಿ 1ರಿಂದ ನಿಷಿದ್ಧ, 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲ ಅದು. ಬ್ಲಡ್ ಬ್ಯಾಂಕ್ ತಗೊಳ್ಳುವ ಪರೀಕ್ಷೆ, ಸಂಸ್ಕರಣೆಯ ಶುಲ್ಕ ಬೇರೆ ವಿಷಯ, ಅದಕ್ಕೆ ರಸೀದಿ ಇರುತ್ತೆ. ಮೆಸೇಜ್ ಹಾಕುವವರಿಗೂ ಒಂದು ಮಾತು. ತಾರೀಕು ಹಾಕಿ, ಕೆಲಸ ಆದ ತಕ್ಷಣ ಅಳಿಸಿ. ರೋಗಿ ಗುಣವಾಗಿ ಮನೆಗೆ ಹೋಗಿರ್ತಾನೆ, ಮೆಸೇಜ್ ಮಾತ್ರ ಎರಡು ವರ್ಷ ಊರೂರು ಸುತ್ತುತ್ತಿರುತ್ತೆ.

ಹಣ್ಣಿನ ಬುಟ್ಟಿ ಹಿಡಿದು ಗುಂಪು ಕಟ್ಟಿಕೊಂಡು ನೋಡೋಕೆ ಹೋಗೋದನ್ನ ದಯವಿಟ್ಟು ಬಿಡಿ. ಬಿಳಿ ರಕ್ತಕಣ ಕುಸಿದಾಗ ನಿಮ್ಮ ನೆಗಡಿಯೇ ಅವನಿಗೆ ಐಸಿಯು ದಾರಿ ತೋರಿಸಬಹುದು. ಕೀಮೋ ಆದವರಿಗೆ ಜ್ವರ 100.4 ದಾಟಿದರೆ, ಮಧ್ಯರಾತ್ರಿ ಆಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲೇ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಆ ಹೊತ್ತಿಗೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸುವವನು ಗೆಳೆಯ. ಚಿಕಿತ್ಸೆಗೆ ಹೋಗಿಬರೋಕೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಅದರ ಸರ್ಟಿಫಿಕೇಟಿಗೆ ಡಾಕ್ಟರ ಸಹಿ ಹಾಕಿಸಿ ತರೋದೂ ಗೆಳೆಯನ ಕೆಲಸವೇ.

ನಿಜ ಹೇಳಬೇಕು ಅಂದರೆ, ನನಗೆ ದಾನಿಗಳು ಸಿಕ್ಕಿದ್ದರಲ್ಲಿ ದೊಡ್ಡ ವಿಷಯವೇನಿಲ್ಲ. ದಿನಾ ಟಿವಿಯಲ್ಲಿ ಕಾಣುವ ಮುಖ, ಕೇಳಿದರೆ ನಾಲ್ಕು ಜನ ಬರ್ತಾರೆ. ಪಕ್ಕದ ಬೆಡ್ಡಿನಲ್ಲಿ ಸಿಂಧನೂರಿನ ರೈತರೊಬ್ಬರಿದ್ದರು. ಅವರದೂ ಬಿ ಪಾಸಿಟಿವ್. ಅವರ ಹೆಂಡತಿ ಕಾರಿಡಾರಿನಲ್ಲಿ ಚೀಟಿ ಹಿಡಿದು ನಿಂತಿದ್ದರು. 'ಅಣ್ಣಾರ, ಈ ಊರಾಗ ನಮಗ ಯಾರೂ ಪರಿಚಯ ಇಲ್ರೀ. ಯಾರ್ನ ಕೇಳ್ಲಿ?' ಅಂದರು. ಬೀದರ್, ರಾಯಚೂರು, ಕೊಪ್ಪಳದಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬರುವ ಎಷ್ಟೋ ಮನೆಗಳ ಪ್ರಶ್ನೆ ಇದೇ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಸುತ್ತ ಒಂದು ಬೆಳಗ್ಗೆ ನಿಂತು ನೋಡಿ, ಎಲ್ಲೆಲ್ಲಿಯ ಕನ್ನಡ ಕಿವಿಗೆ ಬೀಳುತ್ತೆ ಅಂತ.

ಗೆಳೆಯನ ಹೆಂಡತಿ ದಾನಿಗಳ ಹೆಸರು, ಕೊಟ್ಟ ತಾರೀಕು ಎಲ್ಲಾ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಡಿಸ್ಚಾರ್ಜ್ ಆಗೋ ಹಿಂದಿನ ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದರು. 'ನಮಗೆ ಸದ್ಯ ಸಾಕು, ಇಲ್ಲಿ ಇನ್ನೊಬ್ಬರಿದ್ದಾರೆ, ನಿಮ್ಮ ನಂಬರ್ ಕೊಡಲಾ?' ಅಂತ. ಇಬ್ಬರು ಊರಲ್ಲಿರಲಿಲ್ಲ. ಒಬ್ಬರಿಗೆ ಡೆಂಗ್ಯೂ ಆಗಿತ್ತು. ಉಳಿದವರೆಲ್ಲಾ ಹ್ಞೂಂ ಅಂದರು. ಡೆಲಿವರಿ ಹುಡುಗ ಮಾತ್ರ ಒಂದು ಷರತ್ತು ಹಾಕಿದ. ಸಂಜೆ ಬೇಡ, ಮಧ್ಯಾಹ್ನ ಮೂರರ ಮೇಲೆ ಆದರೆ ಅನುಕೂಲ ಅಂತ.