59 ಸಹಿಗಳ ಮರಣಾಜ್ಞೆ

ನ್ಯಾಯಾಲಯವು ಒಬ್ಬನಿಗೆ ಮರಣದಂಡನೆ ವಿಧಿಸಿತೆಂಬ ಸುದ್ದಿಯನ್ನು ಓದಿದೊಡನೆ, ಇನ್ನು ಅವನನ್ನು ಗಲ್ಲಿಗೇರಿಸುವುದೊಂದೇ ಬಾಕಿ ಎಂದು ಭಾವಿಸುವವರುಂಟು. ಆದರೆ ತೀರ್ಪು ಬೇರೆ, ಮರಣಾಜ್ಞೆ ಬೇರೆ. ಶಿಕ್ಷೆ ಯಾವುದೆಂಬುದನ್ನು ತೀರ್ಪು ಹೇಳುತ್ತದೆ. ಆ ಶಿಕ್ಷೆಯನ್ನು ಯಾರು, ಎಲ್ಲಿ, ಯಾವಾಗ ಜಾರಿಗೊಳಿಸಬೇಕೆಂದು ‘ಡೆತ್ ವಾರಂಟ್’ ಎನ್ನಿಸಿಕೊಳ್ಳುವ ಮರಣಾಜ್ಞೆಯು ಅಧಿಕಾರಿಗೆ ಲಿಖಿತವಾಗಿ ಆದೇಶಿಸುತ್ತದೆ.

ಇಂತಹ ಪತ್ರಗಳಲ್ಲಿ ಬಹು ಪ್ರಸಿದ್ಧವಾದದ್ದು ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನ ಮರಣಾಜ್ಞೆ. ಪಾರ್ಲಿಮೆಂಟಿನೊಡನೆ ನಡೆದ ಅಂತರ್ಯುದ್ಧದಲ್ಲಿ ಸೋತು ಸೆರೆಯಾದ ದೊರೆಯನ್ನು ವಿಚಾರಿಸಲು 135 ಮಂದಿಯ ವಿಶೇಷ ನ್ಯಾಯಮಂಡಲಿ ನೇಮಕವಾಯಿತು. ಅವರಲ್ಲಿ ಅನೇಕರು ವಿಚಾರಣೆಗೆ ಬರಲೇ ಇಲ್ಲ. 1649ರ ಜನವರಿ 27ರಂದು ತೀರ್ಪು ಹೊರಬಿತ್ತು. 29ನೆಯ ತಾರೀಖಿನ ಮರಣಾಜ್ಞೆಗೆ ಸಹಿ ಮಾಡಿ ಮುದ್ರೆಯೊತ್ತಿದವರು 59 ಮಂದಿ. ಮೂರನೆಯ ಸಹಿ ಆಲಿವರ್ ಕ್ರಾಮ್‌ವೆಲ್‌ನದು. ಮರುದಿನ ಬೆಳಗಿನ ಹತ್ತರಿಂದ ಸಂಜೆ ಐದರೊಳಗೆ ದೊರೆಯ ಶಿರಚ್ಛೇದನ ಮಾಡಿಸಬೇಕೆಂದು ಮೂವರು ಸೇನಾಧಿಕಾರಿಗಳಿಗೆ ಅದರಲ್ಲಿ ಅಪ್ಪಣೆಯಿತ್ತು. 30ರಂದು ಅದು ನೆರವೇರಿತು.

ಆದರೆ ಆ ಚರ್ಮಪತ್ರದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1660ರಲ್ಲಿ ರಾಜಪ್ರಭುತ್ವವು ಮರಳಿ ಬಂದು, ಸತ್ತ ದೊರೆಯ ಮಗನು ಪಟ್ಟವೇರಿದನು. ಅಂದು ಅಧಿಕಾರದ ಆಧಾರವಾಗಿದ್ದ ಪತ್ರವೇ ಈಗ ಸಹಿ ಮಾಡಿದವರ ವಿರುದ್ಧ ಸಾಕ್ಷಿಯಾಯಿತು. ಕೆಲವರು ಗಲ್ಲಿಗೇರಿದರು, ಕೆಲವರು ಸೆರೆಮನೆ ಸೇರಿದರು, ಕೆಲವರು ದೇಶ ಬಿಟ್ಟು ಓಡಿದರು. ಕ್ರಾಮ್‌ವೆಲ್ಲನು ತನ್ನ ಕೈ ಹಿಡಿದು ಬಲವಂತವಾಗಿ ಬರೆಯಿಸಿದನೆಂದು ಒಬ್ಬನು ಹೇಳಿಕೊಂಡನು. ಅದಾಗಲೇ ಮೃತನಾಗಿದ್ದ ಕ್ರಾಮ್‌ವೆಲ್ಲನ ಶವವನ್ನೂ ಅಗೆದು ತೆಗೆದು ನೇಣಿಗೆ ತೂಗುಹಾಕಲಾಯಿತು. ಆಜ್ಞೆ ಪಡೆದ ಮೂವರಲ್ಲಿ ಹಂಕ್ಸ್ ಎಂಬವನು ವಧಕಾರನಿಗೆ ಕೊಡಬೇಕಾದ ಆದೇಶಕ್ಕೆ ಅಂದು ಸಹಿ ಹಾಕಲು ಒಪ್ಪಿರಲಿಲ್ಲ, ಅವನು ಉಳಿದುಕೊಂಡನು. ಅದಕ್ಕೆ ಸಹಿ ಹಾಕಿದ ಹ್ಯಾಕರ್ ನೇಣುಗಂಬವೇರಿದನು.

ಭಾರತದಲ್ಲಿ ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯನ್ನು ಉಚ್ಚ ನ್ಯಾಯಾಲಯವು ದೃಢೀಕರಿಸಬೇಕು. ಆ ಬಳಿಕವೇ ಸೆಷನ್ಸ್ ನ್ಯಾಯಾಲಯವು ಸೆರೆಮನೆಯ ಅಧಿಕಾರಿಗೆ ಮರಣಾಜ್ಞೆ ಕಳುಹಿಸಬಹುದು. ಶಿಕ್ಷೆ ಜಾರಿಯಾದ ಮೇಲೆ ಅಧಿಕಾರಿಯು ಅದನ್ನು ಪ್ರಮಾಣೀಕರಿಸಿ ಪತ್ರವನ್ನು ನ್ಯಾಯಾಲಯಕ್ಕೆ ಹಿಂದಿರುಗಿಸಬೇಕು. ಅಪರಾಧಿಗೆ ಉಳಿದಿರುವ ಮೇಲ್ಮನವಿ, ಕ್ಷಮಾದಾನದ ದಾರಿಗಳು ಮುಗಿಯುವ ಮುನ್ನ ಆತುರದಿಂದ ಹೊರಡಿಸಿದ ಮರಣಾಜ್ಞೆಗಳನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿತು. ಮರಣದಂಡನೆಗೆ ಗುರಿಯಾದವನಿಗೂ ಬದುಕಿನ ಹಕ್ಕು ಕೊನೆಯವರೆಗೆ ಇದೆ ಎಂಬುದೇ ಆ ತೀರ್ಪಿನ ತಿರುಳು.

ಒಂದು ಜೀವವನ್ನು ತೆಗೆಯುವ ಅಧಿಕಾರವು ಬಾಯಿಮಾತಿನಲ್ಲಿ ನಡೆದರೆ ಅದಕ್ಕೆ ಹೊಣೆಗಾರರು ಇರುವುದಿಲ್ಲ. ಬರಹದಲ್ಲಿ ಹೆಸರಿರುತ್ತದೆ, ದಿನಾಂಕವಿರುತ್ತದೆ, ಸಹಿಯಿರುತ್ತದೆ. ಹನ್ನೊಂದು ವರ್ಷಗಳ ಅನಂತರ ಆ 59 ಮಂದಿಯನ್ನು ಹುಡುಕಿಕೊಂಡು ಬಂದದ್ದು ಅವರದೇ ಸಹಿ.