ಮಾತು ನಿಂತ ರೋಗಿಯ ಇಚ್ಛೆ: ನೀತಿ ಮತ್ತು ಕಾನೂನು

ವೈದ್ಯವಿಜ್ಞಾನದ ಪ್ರಗತಿಯಿಂದಾಗಿ, ಹಿಂದೆ ನಿಶ್ಚಿತ ಮರಣವೆನಿಸಿದ್ದ ಅನೇಕ ಸಂಕಟಗಳಿಂದ ಮನುಷ್ಯನು ಇಂದು ಪಾರಾಗಿ ಬರುತ್ತಿದ್ದಾನೆ. ಶ್ವಾಸಕೋಶ ಸೋತಾಗ ಉಸಿರಾಟದ ಯಂತ್ರವೂ, ಮೂತ್ರಪಿಂಡ ಸೋತಾಗ ಡಯಾಲಿಸಿಸ್ ಯಂತ್ರವೂ ಆಯಾ ಅಂಗದ ಕಾರ್ಯವನ್ನು ವಹಿಸಿಕೊಳ್ಳುತ್ತವೆ. ಗುಣಹೊಂದಬಲ್ಲ ರೋಗಿಗೆ ಇವು ನಿಜವಾಗಿಯೂ ಪ್ರಾಣದಾನಿಗಳು. ಆದರೆ ಚೇತರಿಕೆಯ ಆಸೆಯೇ ಉಳಿಯದ, ಪ್ರಜ್ಞೆ ಮರಳದ ರೋಗಿಯ ವಿಷಯದಲ್ಲಿ ಇವೇ ಸಾಧನಗಳು ಮರಣದ ಗಳಿಗೆಯನ್ನು ಮಾತ್ರ ಹಿಂದೂಡುವುದುಂಟು. ಅಂಥ ಸ್ಥಿತಿಯಲ್ಲಿ ಚಿಕಿತ್ಸೆಯನ್ನು ಮುಂದುವರಿಸಬೇಕೆ, ನಿಲ್ಲಿಸಬೇಕೆ ಎಂದು ಕೇಳಿದರೆ ರೋಗಿಯು ಉತ್ತರಿಸಲಾರನು. ಅವನ ಪರವಾಗಿ ಉತ್ತರಿಸುವ ಅಧಿಕಾರ ಯಾರಿಗೆ? ಈ ಪ್ರಶ್ನೆಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟದ್ದು ಕನ್ನಡ ನಾಡಿನ ಮಗಳೊಬ್ಬಳ ದುರಂತ.

ಅರುಣಾ ಶಾನಭಾಗ ಪ್ರಕರಣ

ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬನು ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರವೆಸಗಿದನು. ಆಮ್ಲಜನಕವಿಲ್ಲದೆ ಮೆದುಳು ಘಾಸಿಗೊಂಡಿತು. ಅವರು ಮತ್ತೆ ಎಂದಿನಂತಾಗಲಿಲ್ಲ. ಆದರೆ ಇದು ಮೆದುಳಿನ ಮರಣವಲ್ಲ. ಅವರು ಯಂತ್ರದ ನೆರವಿಲ್ಲದೆಯೇ ಉಸಿರಾಡುತ್ತಿದ್ದರು. ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರಿಗೆ ಉಣಿಸಿ, ಮೈ ತೊಳೆದು, ಹಾಸಿಗೆ ಹುಣ್ಣೊಂದೂ ಆಗದಂತೆ ನೋಡಿಕೊಂಡರು.

ಅವರ ಜೀವನವನ್ನು ಕುರಿತು ಗ್ರಂಥ ರಚಿಸಿದ್ದ ಪಿಂಕಿ ವಿರಾನಿಯವರು, ಆಹಾರ ನೀಡುವುದನ್ನು ನಿಲ್ಲಿಸಿ ಶಾಂತ ಮರಣಕ್ಕೆ ಅವಕಾಶ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಆ ಪ್ರಾರ್ಥನೆಯನ್ನು ತಿರಸ್ಕರಿಸಿತು. ಅರುಣಾ ಅವರ ಪರವಾಗಿ ಮಾತನಾಡತಕ್ಕವರು ಅಷ್ಟು ವರ್ಷ ಸೇವೆಗೈದ ಆಸ್ಪತ್ರೆಯ ಸಿಬ್ಬಂದಿಯೇ, ಮತ್ತು ಅವರು ಆಕೆ ಬದುಕಿರಲೆಂದು ಬಯಸುತ್ತಾರೆ ಎಂಬುದು ಅದರ ನಿಲುವು. ಆದರೆ ಅದೇ ತೀರ್ಪು, ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಕೃತಕ ಜೀವಾಧಾರವನ್ನು ಹಿಂತೆಗೆದುಕೊಳ್ಳುವ ಮಾರ್ಗವನ್ನು ದೇಶದಲ್ಲಿ ಮೊದಲ ಬಾರಿಗೆ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಸ್ವತಃ ಅವರ ಇಚ್ಛೆ ಏನಿತ್ತು ಎಂಬುದನ್ನು ಆ ಸುಮಾರು ನಲವತ್ತೊಂದೂವರೆ ವರ್ಷಗಳಲ್ಲಿ ಯಾರೂ ಅರಿಯಲಾಗಲಿಲ್ಲ.

ನೀತಿಯ ನೆಲೆ

ವಿಷವಿತ್ತು ಅಥವಾ ಸೂಜಿಮದ್ದು ಚುಚ್ಚಿ ಪ್ರಾಣ ತೆಗೆಯುವುದು ಒಂದು. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಿ ರೋಗವು ತನ್ನ ಗತಿಯನ್ನು ಹಿಡಿಯಲು ಬಿಡುವುದು ಇನ್ನೊಂದು. ಮೊದಲನೆಯದು ಇಂದಿಗೂ ಅಪರಾಧವೇ. ಎರಡನೆಯದನ್ನೇ ನಿಷ್ಕ್ರಿಯ ದಯಾಮರಣ ಎನ್ನುತ್ತಾರೆ. ಎರಡರಲ್ಲಿಯೂ ಅಂತ್ಯ ಒಂದೇ ಅಲ್ಲವೇ ಎಂದು ಆಕ್ಷೇಪಿಸುವವರುಂಟು. ಆದರೆ ಒಂದರಲ್ಲಿ ಸಾವನ್ನು ತರುವುದು ಮನುಷ್ಯನ ಕೈ, ಇನ್ನೊಂದರಲ್ಲಿ ರೋಗ.

ಇಲ್ಲಿ ಭಯಕ್ಕೆ ಕಾರಣ ಇಲ್ಲದಿಲ್ಲ. ಆಸ್ತಿಯ ಆಸೆಯಿಂದಲೋ ಖರ್ಚಿನ ಭಾರದಿಂದಲೋ ಹತ್ತಿರದವರೇ ಅವಸರಪಡಬಹುದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಹೆತ್ತವರನ್ನು ಕೈಬಿಟ್ಟರೆಂಬ ಲೋಕಾಪವಾದಕ್ಕೆ ಅಂಜಿ ಮಕ್ಕಳು ಹೊಲ ಮನೆ ಮಾರಿ, ಪ್ರಯೋಜನವಿಲ್ಲವೆಂದು ವೈದ್ಯರೇ ಹೇಳಿದ ಚಿಕಿತ್ಸೆಯನ್ನು ಮುಂದುವರಿಸುವುದು. ಮೊದಲನೆಯದು ಲೋಭ, ಎರಡನೆಯದು ಅಂಜಿಕೆ. ಎರಡರಲ್ಲಿಯೂ ರೋಗಿಯ ಇಚ್ಛೆಗೆ ಸ್ಥಾನವಿಲ್ಲ. ಯಂತ್ರವನ್ನು ನಿಲ್ಲಿಸುವುದೆಂದರೆ ಆರೈಕೆಯನ್ನು ನಿಲ್ಲಿಸುವುದೆಂದೂ ಅರ್ಥವಲ್ಲ. ನೋವು ತಗ್ಗಿಸುವ ಮದ್ದು, ಶುಚಿತ್ವ, ಪಕ್ಕದಲ್ಲಿ ಕುಳಿತವರ ಕೈಸ್ಪರ್ಶ ಕಡೆಯ ಉಸಿರಿನವರೆಗೂ ಸಲ್ಲತಕ್ಕವು.

ಕಾನೂನಿನ ವ್ಯವಸ್ಥೆ

2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಸಾರಿತು. ರೋಗಿಯು ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು. ಅಂದು ವಿಧಿಸಿದ ಕ್ರಮ ಬಹಳ ತೊಡಕಿನದಾಗಿತ್ತು. ಆದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಲಾಯಿತು.

ಈ ಕ್ರಮದಂತೆ, ಸ್ವಸ್ಥಚಿತ್ತನಾದ ವಯಸ್ಕನು ಇಬ್ಬರು ಸಾಕ್ಷಿಗಳ ಸಮಕ್ಷಮ ಇಚ್ಛಾಪತ್ರಕ್ಕೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ತನ್ನ ಪರವಾಗಿ ಒಪ್ಪಿಗೆ ನೀಡತಕ್ಕವರ ಹೆಸರನ್ನು ಅದರಲ್ಲಿಯೇ ಸೂಚಿಸಬೇಕು. ಬೇಕೆಂದಾಗ ಅದನ್ನು ಲಿಖಿತವಾಗಿ ರದ್ದುಪಡಿಸಬಹುದು. ರೋಗಿಯು ಮಾತನಾಡಲಾರದ ಸ್ಥಿತಿ ತಲುಪಿದಾಗ, ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ ಪರಿಶೀಲಿಸುತ್ತದೆ. ಬೇರೆ ವೈದ್ಯರ ದ್ವಿತೀಯ ಮಂಡಳಿ ಮತ್ತೆ ಪರಿಶೀಲಿಸುತ್ತದೆ. ಎರಡಕ್ಕೂ ಆದಷ್ಟು ಮಟ್ಟಿಗೆ 48 ಗಂಟೆಗಳ ಅವಧಿ. ಒಪ್ಪಿಗೆ ದೊರೆತ ಬಳಿಕ ಆಸ್ಪತ್ರೆಯು ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುತ್ತದೆ. ಇಚ್ಛಾಪತ್ರ ಇಲ್ಲದಿದ್ದಲ್ಲಿ ಆಪ್ತ ಬಂಧುಗಳ ಒಪ್ಪಿಗೆಯೊಡನೆ ಇದೇ ಎರಡು ಮಂಡಳಿಗಳ ಪರಿಶೀಲನೆ ನಡೆಯುತ್ತದೆ. ಮಂಡಳಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯದ ಬಾಗಿಲು ತೆರೆದೇ ಇದೆ. ಕರ್ನಾಟಕ ಸರಕಾರವು ಈ ಕ್ರಮವನ್ನು ರಾಜ್ಯದಲ್ಲಿ ಜಾರಿಗೆ ತರಲು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಆಸ್ತಿಯ ಹಂಚಿಕೆಗೆ ಮರಣಶಾಸನ ಬರೆದಿಡುವ ಹಿರಿಯರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಆದರೆ ತಮ್ಮ ಕೊನೆಯ ದಿನಗಳ ಚಿಕಿತ್ಸೆ ಹೇಗಿರಬೇಕೆಂದು ಮನೆಯವರೊಡನೆ ಆಡುವುದನ್ನು ಅಮಂಗಳವೆಂದು ಭಾವಿಸುವವರೇ ಹೆಚ್ಚು. ಆ ಮಾತನ್ನು ಆಡದೆ ಉಳಿದರೆ, ತೀರ್ಮಾನದ ಭಾರವೆಲ್ಲ ತುರ್ತುಚಿಕಿತ್ಸಾ ಕೊಠಡಿಯ ಹೊರಗೆ ದುಃಖದಲ್ಲಿ ನಿಂತ ಮಕ್ಕಳ ಮೇಲೆ ಬೀಳುತ್ತದೆ. ಕಡೆಯವರೆಗೂ ಎಲ್ಲ ಚಿಕಿತ್ಸೆಯೂ ನಡೆಯಲಿ ಎಂಬುದೇ ಒಬ್ಬರ ಇಚ್ಛೆಯಾಗಿದ್ದರೆ ಅದೂ ಗೌರವಾರ್ಹವೇ. ಯಾವ ಇಚ್ಛೆಯೇ ಆಗಿರಲಿ, ವಾಕ್ಶಕ್ತಿ ಇರುವಾಗಲೇ ಅದನ್ನು ತಿಳಿಸಿ ಬರೆದಿಡುವುದು ತಮ್ಮವರಿಗೆ ತಾವು ಮಾಡುವ ದೊಡ್ಡ ಉಪಕಾರ.