ಇಡಿಯಾಗಿ ಮಾರಲೋ, ಬಿಡಿಯಾಗಿಯೋ?

ಅಮೆರಿಕದ ಓಹಾಯೊದಲ್ಲಿ ಪ್ರತಿವರ್ಷ ನಡೆಯುವ, ಹವ್ಯಾಸಿ ರೇಡಿಯೊದವರ (ಹ್ಯಾಮ್‌ಗಳ) ಮೇಳವಾದ ಡೇಟನ್ ಹ್ಯಾಮ್‌ವೆನ್ಶನ್‌ನ ಹಳೆ ಸಾಮಾನಿನ ಸಂತೆಯಲ್ಲಿ ಕೆಲವು ಅಲ್ಯೂಮಿನಿಯಂ ಪೆಟ್ಟಿಗೆಗಳಿಗೆ ಇವತ್ತಿಗೂ ಗಿರಾಕಿಗಳಿದ್ದಾರೆ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿದ್ದ ರೇಡಿಯೊ ‘ಕಮಾಂಡ್ ಸೆಟ್’ಗಳಿವು. ಸೇನೆಯ ಪಟ್ಟಿಯಲ್ಲಿ ಎಸ್‌ಸಿಆರ್-274-ಎನ್. ಇವನ್ನು ಕೂಡಿಟ್ಟ ಹ್ಯಾಮ್ ತೀರಿಕೊಂಡಾಗ ಮನೆಯವರಿಗೆ ಎದುರಾಗುವ ಮೊದಲ ಪ್ರಶ್ನೆ: ಎಲ್ಲವನ್ನೂ ಒಟ್ಟಿಗೆ ಕೊಡುವುದೋ, ಬಿಡಿಸಿ ಮಾರುವುದೋ?

ಬಿಡಿಸಲು ಬೇಕಾದಷ್ಟಿದೆ. ಒಂದು ರ‍್ಯಾಕ್‌ನಲ್ಲಿ ಮೂರು ರಿಸೀವರ್, ಇನ್ನೊಂದರಲ್ಲಿ ಎರಡು ಟ್ರಾನ್ಸ್‌ಮಿಟರ್, ಜೊತೆಗೆ ಮಾಡ್ಯುಲೇಟರ್ ಮತ್ತು ಆಂಟೆನಾ ರಿಲೇ. ವಿಮಾನದ 28 ವೋಲ್ಟನ್ನು ರಿಸೀವರ್‌ಗೆ ಬೇಕಾದ 250ಕ್ಕೆ ಏರಿಸುವ ಪುಟ್ಟ ಡೈನಮೋಟರ್ ಪ್ರತಿ ರಿಸೀವರ್‌ನ ಬೆನ್ನಿಗೂ ಒಂದೊಂದು. ರೇಡಿಯೊ ಎಲ್ಲೋ ಹಿಂದೆ ಇರುತ್ತದೆ. ಪೈಲಟ್ ಕೈಗೆ ಸಿಗುವುದು ಪುಟ್ಟ ಕಂಟ್ರೋಲ್ ಬಾಕ್ಸ್ ಮಾತ್ರ. ಅದರ ಹಿಡಿ ತಿರುಗಿಸಿದರೆ ಉದ್ದನೆಯ ಬಳುಕುವ ಕೇಬಲ್ಲೊಂದು ಒಳಗೇ ಸುತ್ತಿ, ದೂರದ ರಿಸೀವರ್‌ನ ಸ್ಟೇಷನ್ ಬದಲಾಗುತ್ತದೆ.

ಯುದ್ಧ ಮುಗಿದ ಮೇಲೆ ಸರ್ಪ್ಲಸ್ ಅಂಗಡಿಗಳು ಇವನ್ನು ಕೆಲವೇ ಡಾಲರಿಗೆ ಬಿಕರಿ ಮಾಡಿದವು. ಹ್ಯಾಮ್‌ಗಳು ಆರಿಸಿಕೊಂಡದ್ದು ತಮಗೆ ಬೇಕಾದ್ದನ್ನಷ್ಟೇ. ಬಿಸಿ-453 ರಿಸೀವರ್‌ನ 85 ಕಿಲೋಹರ್ಟ್ಸ್ ಐಎಫ್ (ಮಧ್ಯಂತರ ಆವರ್ತನ) ಪಕ್ಕದ ಸ್ಟೇಷನ್ನಿನ ಗಲಾಟೆಯನ್ನು ಚೆನ್ನಾಗಿ ಕತ್ತರಿಸುತ್ತಿತ್ತು. ಅದನ್ನು ಮನೆಯ ರಿಸೀವರ್‌ಗೆ ಜೋಡಿಸಿ ‘ಕ್ಯೂ-ಫೈವರ್’ ಎಂದು ಕರೆದರು. ಬಿಸಿ-459 ಟ್ರಾನ್ಸ್‌ಮಿಟರ್ 7 ಮೆಗಾಹರ್ಟ್ಸ್‌ಗೆ ಹೇಳಿ ಮಾಡಿಸಿದಂತಿತ್ತು. ರ‍್ಯಾಕ್, ಕಂಟ್ರೋಲ್ ಬಾಕ್ಸ್, ಪ್ಲಗ್, ಕೇಬಲ್‌ಗಳನ್ನು ಕೇಳುವವರೇ ಇರಲಿಲ್ಲ, ಗುಜರಿಗೆ ಹೋದವು. ಇವತ್ತು ಲೆಕ್ಕ ತಿರುವುಮುರುವು. ರಿಸೀವರ್ ಸುಲಭವಾಗಿ ಸಿಗುತ್ತದೆ, ಅದನ್ನು ಕೂರಿಸುವ ರ‍್ಯಾಕ್‌ಗೆ ಹುಡುಕಾಟ.

ಹಾಗಾದರೆ ಬಿಡಿ ಮಾರಿದರೇ ಲಾಭವಲ್ಲವೇ? ದುಡ್ಡಿನ ಮಟ್ಟಿಗೆ ಬಹುಶಃ ಹೌದು. ‘ಒಂದೇ ವಿಮಾನದ ಸೆಟ್ಟನ್ನು ಒಡೆಯಬಾರದು’ ಎಂಬ ಸಂಗ್ರಾಹಕರ ಮಾತಿಗೆ ನಾನು ಸುಮ್ಮನೆ ತಲೆದೂಗುವುದಿಲ್ಲ. ಕೆಟ್ಟ ಪೆಟ್ಟಿಗೆ ಕಳಚಿ ಬೇರೊಂದನ್ನು ಸಿಕ್ಕಿಸಲೆಂದೇ ಇವನ್ನು ಮಾಡಿದ್ದು; ಯಾವ ವಿಮಾನದ್ದೆಂದು ಕಾಗದಪತ್ರವಿಲ್ಲದೆ ಹೇಳಲಾಗದು. ಎಷ್ಟೋ ‘ಪೂರ್ತಿ ಸೆಟ್’ಗಳು ಯಾರೋ ಸಂತೆ ಸುತ್ತಿ ಜೋಡಿಸಿದಂಥವು. ಡೈನಮೋಟರ್ ಕಿತ್ತು, ಮುಖಕ್ಕೆ ತೂತು ಕೊರೆದು ಬದಲಾಯಿಸಿದ ಪೆಟ್ಟಿಗೆಗಳನ್ನು ಧಾರಾಳವಾಗಿ ಬಿಡಿಸಿ.

ಆದರೆ ಯಾರೂ ಸ್ಕ್ರೂಡ್ರೈವರ್ ಸೋಕಿಸದ ಸೆಟ್ಟು ರ‍್ಯಾಕ್, ಕೇಬಲ್ ಸಮೇತ ಇದ್ದರೆ, ಹಳೇ ವಿಮಾನಗಳಿಗೆ ಜೀವ ತುಂಬುವವರನ್ನು ಮೊದಲು ವಿಚಾರಿಸಬೇಕು. ಅಂಥ ವಿಮಾನಗಳ ನಂಟು ಬೆಂಗಳೂರಿಗೂ ಇದೆ. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು 1948ರಲ್ಲಿ ನಮ್ಮ ಎಚ್‌ಎಎಲ್ ರಿಪೇರಿ ಮಾಡಿತು. ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಆಮೇಲೆ ಕೆಲವು ಬ್ರಿಟನ್, ಅಮೆರಿಕ, ಕೆನಡಾದ ಮ್ಯೂಸಿಯಂ ಸೇರಿದವು. ಅಂಥ ವಿಮಾನದೊಳಗೆ ಖಾಲಿ ಬಿದ್ದ ಜಾಗ ತುಂಬುವವರಿಗೆ ಬಿಡಿ ರಿಸೀವರ್ ಸಾಲದು, ಕೊನೆಯ ಪ್ಲಗ್ಗೂ ಬೇಕು.

‘ರ‍್ಯಾಕ್ ಒಂದನ್ನೇ ಕೊಡಿ, ಕೇಳಿದಷ್ಟು ಕೊಡುತ್ತೇನೆ’ ಎನ್ನುವವನು ಖಂಡಿತ ಬರುತ್ತಾನೆ. ಅವನಿಗೆ ಮೊದಲ ದಿನವೇ ಹೂಂ ಎನ್ನಬಾರದು. ಅದು ಹೋಯಿತೆಂದರೆ ಮಿಕ್ಕಿದ್ದು ಆ ಸಂತೆಯ ಯಾವ ಮೇಜಿನ ಮೇಲೂ ಸಿಗುವ ಸರಕು.